ಸ್ಥಳದಜ್ಜನ ಅಡುಗೆಮನೆ

ಪ್ರಯೂನನ ಮನೆಯ ಹಿಂದೆ ಎರಡು ಮೀಟರ್ ಅಗಲದ ಖಾಲಿ ಜಾಗವಿತ್ತು. ಅದರಲ್ಲಿ ಏನೂ ಇರಲಿಲ್ಲ. ಏನೂ ಇರಬಾರದು ಎಂಬುದೇ ಅದರ ಮಹಿಮೆ.

ನೊಂತಬುರಿ ಊರಿನ ಆ ಬಡಾವಣೆಯಲ್ಲಿ ಮನೆಗಳನ್ನು ಬಾಳೆಗೊನೆಯ ಕಾಯಿಗಳಂತೆ ಒತ್ತೊತ್ತಾಗಿ ಕಟ್ಟಿ, ಉಳಿದ ನೆಲವನ್ನೆಲ್ಲ ನಡುವೆ ಒಂದೇ ಹುಲ್ಲುಬಯಲಾಗಿ ಬಿಟ್ಟಿದ್ದರು. ಬಯಲು ಎಲ್ಲರದು, ಆದ್ದರಿಂದ ಅಲ್ಲಿ ಯಾರೂ ಏನೂ ಕಟ್ಟುವಂತಿರಲಿಲ್ಲ. ಮನೆಯ ಸುತ್ತ ಬಿಟ್ಟ ಜಾಗ ಅವರವರದು. ಅಲ್ಲಿಯೂ ಯಾರೂ ಏನೂ ಕಟ್ಟುವಂತಿರಲಿಲ್ಲ. ಈ ಶೂನ್ಯ ಸಾಮ್ರಾಜ್ಯವನ್ನು ಕಾಯಲು ನಿವಾಸಿಗಳೆಲ್ಲ ಸೇರಿ ಒಂದು ಸಮಿತಿ ಮಾಡಿ, ಬೇರೆ ಯಾರೂ ಒಪ್ಪದ ಕಾರಣ ಪ್ರಯೂನನನ್ನು ಸರ್ವಾನುಮತದಿಂದ ಅಧ್ಯಕ್ಷನನ್ನಾಗಿ ಆರಿಸಿದ್ದರು. ಅಂದಿನಿಂದ ಅಳತೆಯ ಟೇಪು ಅವನ ಸೊಂಟದಲ್ಲಿ ರಾಜಖಡ್ಗದಂತೆ ನೇತಾಡುತ್ತಿತ್ತು. ಪಕ್ಕದ ಮನೆಯ ವಿಪಾ ಹಿತ್ತಿಲಲ್ಲಿ ಒಲೆ ಹೂಡಿ ಹಾಕಿಸಿದ್ದ ತಗಡಿನ ಮಾಡು ಆ ಖಡ್ಗಕ್ಕೇ ಬಲಿಯಾಗಿತ್ತು.

ಆದರೆ ಶತ್ರು ಮನೆಯೊಳಗೇ ಇದ್ದ. ಒಣಮೆಣಸಿನಕಾಯಿಯನ್ನೂ ಸೀಗಡಿಯ ಹಿಂಡಿಯನ್ನೂ ಬಿಸಿ ಬಾಣಲೆಗೆ ಹಾಕಿದೊಡನೆ ಎದ್ದ ಘಾಟು ಹೊರಗೆ ಹೋಗಲು ದಾರಿ ಕಾಣದೆ ಮನೆಯನ್ನೆಲ್ಲ ಪ್ರದಕ್ಷಿಣೆ ಹಾಕುತ್ತಿತ್ತು.

"ಪೀ! ಆಕ್ಷೀ! ಹಿಂದೆ ಒಂದು ಮಾಡು ಹಾಕಿಸಿ ಅಂತ ಎಷ್ಟು ಸಲ ಬಾಯಿ ಬಡ್ಕೊಳ್ಳಲಿ?" ಎಂದಳು ಹೆಂಡತಿ ಸಂಗ್ವಿಯನ್. (ಪೀ ಎಂದರೆ ಅಣ್ಣ. ಹೆಂಡತಿ ಗಂಡನನ್ನು ಹಾಗೆ ಕರೆಯುವುದು ಅಲ್ಲಿ ಯಾರಿಗೂ ತಪ್ಪಾಗಿ ಕಾಣುವುದಿಲ್ಲ. ಗಂಡನಿಗಂತೂ ಕಾಣುವ ಧೈರ್ಯವಿರಲಿಲ್ಲ.)

"ನಿಯಮ ಇದೆ, ಸಂಗ್ವಿಯನ್. ಅದು ಗಾಳಿಗೆ ಅಂತ ಬಿಟ್ಟಿರೋ ಜಾಗ."

"ಹೌದು, ಗಾಳಿ ಹೊರಗೆ ಆರಾಮಾಗಿದೆ. ಹೊಗೆ ನನ್ನ ಜತೆ ಸಂಸಾರ ಮಾಡ್ತಿದೆ."

"ವಿಪಾ ಮನೆ ಮಾಡು ಕೀಳಿಸಿದೋನು ನಾನೇ. ಈಗ ನಾನೇ ಕಟ್ಟಿಸಿದ್ರೆ ಜನ ಏನಂತಾರೆ?"

"ಕೊನೆಗೂ ಬುದ್ಧಿ ಬಂತು ಅಂತಾರೆ. ಕೇಳಿ, ಮಾಡು ಬರೋ ತನಕ ನಾನು ಬಾಣಲೆ ಮುಟ್ಟೋದಿಲ್ಲ."

ಅಂದಿನಿಂದ ಊಟಕ್ಕೆ ಬೇಯಿಸಿದ ಸೋರೆಕಾಯಿ. ಪ್ರಯೂನ್ ಅದನ್ನು ನುಂಗಿದನೇ ಹೊರತು ನಿಯಮ ಬಿಡಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಅವನು ಮನೆಯ ಮುಂದಿನ ಮೂಲೆಯಲ್ಲಿದ್ದ ಸ್ಥಳದಜ್ಜನ ಗುಡಿಗೆ ಕೆಂಪು ಸೋಡಾ ಇಟ್ಟು ಕೈಮುಗಿಯುತ್ತಿದ್ದ. ಒಂಟಿ ಕಂಬದ ಮೇಲಿನ ಇಂಥ ಪುಟ್ಟ ಗುಡಿ ಪ್ರತಿ ಮನೆಯ ಮುಂದೆಯೂ ಇತ್ತು. ನೆಲವನ್ನು ಕಾಯುವ ದೈವವಾದ ಈ ಅಜ್ಜನೇ ಅದರ ನಿಜವಾದ ಯಜಮಾನ. ಉಳಿದವರೆಲ್ಲ ಅವನ ಒಕ್ಕಲು.

ಗೋಡೆಯಾಚೆಯಿಂದ ವಿಪಾ ಇಣುಕಿದಳು. "ಪೀ ಪ್ರಯೂನ್, ಈ ಗುಡಿ ಗೋಡೆಗೆ ಅಂಟಿಕೊಂಡೇ ಇದೆಯಲ್ಲ. ಬಿಡಬೇಕಾದ ಜಾಗ ಬಿಟ್ಟಿಲ್ವಾ?"

"ಇದು ಗುಡಿ, ವಿಪಾ."

"ಮಾಡು ಇದೆಯಲ್ಲ! ನನ್ನ ಮಾಡು ಕಿತ್ತಾಗ ನೀವು ಒಲೆ ನೋಡಿದ್ರಾ, ಮಾಡು ನೋಡಿದ್ರಾ?"

ಪ್ರಯೂನ್ ಗುಡಿಯಿಂದ ಮನೆಯವರೆಗೆ ಕಣ್ಣಲ್ಲೇ ಅಳೆದ. ಗುಡಿಯನ್ನು ಒಳಕ್ಕೆ ಸರಿಸಿದರೆ ಮನೆಯ ನೆರಳು ಅದರ ಮೇಲೆ ಬೀಳುತ್ತದೆ. ಅಜ್ಜನ ಮೇಲೆ ನೆರಳು ಬೀಳಿಸುವುದೂ ಒಂದೇ, ಅವನ ತಲೆಯ ಮೇಲೆ ಕಾಲಿಡುವುದೂ ಒಂದೇ. ಸರಿಸದಿದ್ದರೆ ಅಧ್ಯಕ್ಷನೇ ಅಪರಾಧಿ.

ಎರಡು ದಿನ ತಲೆ ಕೆರೆದುಕೊಂಡು, ಬಯಲಿನಲ್ಲಿ ಸೇರಿದ ಸಭೆಯ ಮುಂದೆ ಅವನು ಒಂದು ತಿದ್ದುಪಡಿ ಓದಿದ: "ಸ್ಥಳದಜ್ಜನ ಗುಡಿಗೂ, ಅವನ ಸೇವೆಗೆ ಅಗತ್ಯವಾದ ಇತರ ಏರ್ಪಾಡುಗಳಿಗೂ ಈ ನಿಯಮ ಅನ್ವಯಿಸತಕ್ಕದ್ದಲ್ಲ." ಏರ್ಪಾಡು ಎಂದಾಗ ಅವನ ಮನಸ್ಸಿನಲ್ಲಿದ್ದದ್ದು ಊದುಕಡ್ಡಿ ಇಡುವ ಪುಟ್ಟ ಮೇಜು. ಸಭೆ ಚಪ್ಪಾಳೆ ತಟ್ಟಿತು. (ಅವನಿಗೆ ಹಿಂದೆಂದೂ ಚಪ್ಪಾಳೆ ಸಿಕ್ಕಿರಲಿಲ್ಲ. ಆಗಲೇ ಅನುಮಾನ ಬರಬೇಕಿತ್ತು.)

ವಾರ ಕಳೆಯುವುದರೊಳಗೆ ಹಿತ್ತಿಲು ಹಿತ್ತಿಲಲ್ಲೂ ತಗಡು ಮಿನುಗಿತು. ಪ್ರಯೂನ್ ಟೇಪು ಹಿರಿದು ವಿಪಾಳ ಮನೆಗೆ ಓಡಿದ.

"ಏನಿದು?"

"ಅಜ್ಜನ ಅಡುಗೆಮನೆ. ಅಜ್ಜನಿಗೆ ಊಟ ಇಡೋದು ಸೇವೆ ಅಲ್ವಾ? ಊಟ ಆಕಾಶದಿಂದ ಉದುರುತ್ತಾ? ಅಳೀಬೇಕಾ, ಅಳೀರಿ ಪೀ. ನಾನು ಅಜ್ಜನಿಗೆ ಹೇಳಿ ಬರ್ತೀನಿ, ಯಾರು ಅಳೆಯೋಕೆ ಬಂದಿದ್ದಾರೆ ಅಂತ."

ಟೇಪು ತಾನಾಗಿಯೇ ಸರ್ರನೆ ಒಳಸೇರಿತು.

ಮನೆಗೆ ಬಂದರೆ ಅಲ್ಲಿಯೂ ಮಾಡು ಏರುತ್ತಿತ್ತು. ಪ್ರಯೂನ್ ಮುಖ ಗಂಟಿಕ್ಕಿದ. ಆದರೆ ಒಳಗೊಳಗೇ ಬಾಯಲ್ಲಿ ನೀರೂರಿತ್ತು. ನಿಯಮವೂ ಉಳಿಯಿತು, ಸೋರೆಕಾಯಿಯೂ ತೊಲಗಿತು! ಮರುದಿನ ಹೊತ್ತೇರುವ ಮೊದಲೇ ಹಿತ್ತಿಲಿನಿಂದ ಮೀನಿನ ಸಾರಿನ ಪರಿಮಳ ತೇಲಿಬಂತು. ಅವನು ತಟ್ಟೆ ಹಾಕಿಕೊಂಡು ಕುಳಿತ. ಸಂಗ್ವಿಯನ್ ಅನ್ನ, ಸಾರು, ಹುರಿದ ಮೀನು ಎಲ್ಲವನ್ನೂ ಹೊತ್ತು ಅವನೆದುರೇ ಹಾದು, ಮುಂದಿನ ಗುಡಿಯ ಮೇಜಿನ ಮೇಲೆ ಜೋಡಿಸಿ ಊದುಕಡ್ಡಿ ಹಚ್ಚಿದಳು. ಕಡ್ಡಿ ಪೂರ್ತಿ ಉರಿದು, ಅಜ್ಜನ ಅಪ್ಪಣೆ ಕೇಳಿದ ಮೇಲೆಯೇ ಮನೆಯವರು ಮುಟ್ಟಬೇಕು.

"ಊಟ ಇಡೋದು ಹಬ್ಬಕ್ಕಲ್ವಾ?" ಎಂದ ಪ್ರಯೂನ್ ಕ್ಷೀಣ ದನಿಯಲ್ಲಿ.

"ಹಬ್ಬಕ್ಕೆ ಮಾತ್ರ ಇಟ್ರೆ ಅಡುಗೆಮನೆ ಹಬ್ಬದ ದಿನ ಮಾತ್ರ ಸಕ್ರಮ. ಉಳಿದ ದಿನ ನೀವೇ ಬಂದು ಕೀಳಿಸ್ಬೇಕಾಗುತ್ತೆ. ನನ್ನ ಗಂಡನ ಮಾತಿಗೆ ಚ್ಯುತಿ ಬರೋದನ್ನ ನಾನು ಸಹಿಸೋದಿಲ್ಲ."

"ನಿನಗೆ ಹಸಿವಾಗಲ್ವಾ?"

"ವಿಪಾ ಮನೇಲಿ ಊಟ ಆಯ್ತು. ಅವರ ಅಜ್ಜ ಗಿಡ್ಡ ಕಡ್ಡಿಯವರು, ಬೇಗ ಮುಗಿಸ್ತಾರೆ. ನಮ್ಮವರಿಗೆ ನಾನು ಅಂಗಡೀಲಿ ಇದ್ದದ್ದರಲ್ಲೇ ಉದ್ದನೆಯದು ತಂದಿದ್ದೀನಿ. ಅಧ್ಯಕ್ಷರ ಮನೆ ಅಜ್ಜ, ಮರ್ಯಾದೆ ಬೇಡ್ವಾ?"

ಅವಳು ಒಳಗೆ ಹೋದಳು. ಪ್ರಯೂನ್ ಆಚೀಚೆ ನೋಡಿದ. ಯಾರೂ ಇರಲಿಲ್ಲ. ಮೆಲ್ಲನೆ ಗುಡಿಯ ಬಳಿ ಬಾಗಿ, ಕೆನ್ನೆ ಉಬ್ಬಿಸಿ, ಕಡ್ಡಿಯ ಕೆಂಡದ ತುದಿಗೆ ಪೂ ಪೂ ಎಂದು ಊದತೊಡಗಿದ.

"ಪೀ ಪ್ರಯೂನ್!" ಗೋಡೆಯ ಮೇಲೆ ವಿಪಾಳ ತಲೆ ಮೂಡಿತು. "ಹಿರಿಯರು ಉಣ್ಣೋವಾಗ ಹಾಗೆಲ್ಲ ಅವಸರ ಮಾಡ್ತಾರಾ?"

ಒಳಗಿನಿಂದ ಸಂಗ್ವಿಯನ್ ಕೂಗಿ ಕೇಳಿದಳು: "ಏನಂತೆ? ಅಜ್ಜನಿಗೆ ಇನ್ನೂ ಹಸಿವಾ? ಇನ್ನೊಂದು ಕಡ್ಡಿ ತರ್ಲಾ?"