ಸೈನ್ಯ ಬಂದ ಹಾದಿ

ಸರ್ವೇ ಕೆಲಸದವನು ಊರಿಗೆ ಕಾಲಿಟ್ಟರೆ ಏನಾದರೊಂದು ಆಗಿಯೇ ತೀರುತ್ತದೆ. ಈ ಸಲ ನಾನು ಅಳೆಯಲು ಹೊರಟಿದ್ದು ಹೊಲವನ್ನಲ್ಲ, ಇತಿಹಾಸವನ್ನು. ನಿಜಾಮರ ಆಳ್ವಿಕೆ ಮುಗಿಸಲು ೧೯೪೮ರಲ್ಲಿ ಭಾರತದ ಸೈನ್ಯ ಬಂದ ಹಾದಿಯನ್ನು ಪಾರಂಪರಿಕ ಮಾರ್ಗವೆಂದು ಘೋಷಿಸುವ ಮಸೂದೆ ತಯಾರಾಗುತ್ತಿತ್ತು. ಅದರ ನಕಾಶೆ ನನ್ನ ತಲೆಗೆ ಬಿತ್ತು.

೧. ಎಲ್ಲರ ಊರಿಗೂ ಬಂದ ಸೈನ್ಯ

ಸುಲೇಪೇಟದಿಂದ ಚಿತ್ತಾಪುರದವರೆಗೆ ಯಾರನ್ನು ಕೇಳಿದರೂ ಸೈನ್ಯ ತಮ್ಮೂರ ಅಗಸಿ ಬಾಗಿಲಿನಿಂದಲೇ ಹೋಯಿತೆಂದರು. ಸೇಡಂ ಕಡೆಯ ಒಬ್ಬ ಪಂಚಾಯಿತಿ ಸದಸ್ಯರು ನನಗೆ ಚಹಾ ಕುಡಿಸಿ, ತಮ್ಮ ಅಜ್ಜ ಸೈನ್ಯದ ಅಧಿಕಾರಿಗೆ ಹಾರ ಹಾಕಿದ ಕಥೆ ಹೇಳಿದರು. ಚಿತ್ತಾಪುರದ ಹತ್ತಿರದ ಹಳ್ಳಿಯಲ್ಲಿ ಒಬ್ಬ ಅಜ್ಜಿ ಸಿಕ್ಕಳು. ಸೈನ್ಯ ಬಂದಾಗ ಅವಳಿಗೆ ಏಳೆಂಟು ವರ್ಷವಂತೆ. ಓಣಿಯ ಕೆಸರಲ್ಲಿ ಹೂತ ಸೈನ್ಯದ ಲಾರಿಯನ್ನು ಅವಳ ಅಪ್ಪನ ಎತ್ತುಗಳು ಎಳೆದು ತೆಗೆದಿದ್ದವಂತೆ. ಅದನ್ನು ಮೊಮ್ಮಕ್ಕಳೂ ನಂಬುವುದಿಲ್ಲ ಎಂಬುದೇ ಅವಳ ಸಂಕಟ.

“ನಾ ಸಾಯೋದ್ರಾಗ ನಮ್ಮಪ್ಪನ ಎತ್ತು ಸರ್ಕಾರಿ ಕಾಗದದಾಗ ಬರಬೇಕ್ರಿ” ಅಂದಳು.

ಎಲ್ಲರೂ ಹೇಳಿದಂತೆಯೇ ಗೆರೆ ಎಳೆದು ಒಯ್ದೆ. ನಮ್ಮ ಸಾಹೇಬರು ಕನ್ನಡಕ ತೆಗೆದು ನೋಡಿದರು. ಸಾಕ್ಷಿ ಇಲ್ಲದ್ದನ್ನೆಲ್ಲ ಹೊಡೆದುಹಾಕು ಅಂದರು. ಮೊದಲು ಹೋದದ್ದು ಅಜ್ಜಿಯ ಓಣಿ. ನನಗೆ ಭಾಳ ಕೆಡುಕೆನಿಸಿತು. ಸಾಹೇಬರು ಮಾತ್ರ ಇನ್ನೂ ನಕಾಶೆಯನ್ನೇ ನೋಡುತ್ತಿದ್ದರು.

“ಇದು ಸೈನ್ಯ ಹೋದ ಹಾದಿನೋ, ಲಗ್ನದ ಕಾರ್ಡು ಹಂಚಿದ ಹಾದಿನೋ?”

೨. ಯಾರ ಊರಿಗೂ ಬಾರದ ಸೈನ್ಯ

ಅಷ್ಟರಲ್ಲಿ ಮಸೂದೆಯ ಕರಡಿನ ಒಂದು ಕಲಮು ಊರೂರಿಗೆ ಗೊತ್ತಾಯಿತು. ಹಾದಿಯನ್ನು ಅಂದು ಇದ್ದಂತೆಯೇ ಕಾಯ್ದಿಡಬೇಕು. ಅಗಲ ಮಾಡುವಂತಿಲ್ಲ, ಡಾಂಬರು ಹಾಕುವಂತಿಲ್ಲ. ಮರುದಿನದಿಂದ ಒಬ್ಬೊಬ್ಬರೇ ಹೇಳಿಕೆ ವಾಪಸ್ ಪಡೆದರು. ಹಾರದ ಕಥೆ ಹೇಳಿದ ಸದಸ್ಯರು ಕಚೇರಿಗೇ ಬಂದು, ಸೈನ್ಯ ತಮ್ಮೂರಿನ ಕಡೆ ತಲೆ ಹಾಕಿಯೂ ಮಲಗಿಲ್ಲ ಅಂದರು. ಹಾಗಾದರೆ ಅಜ್ಜ ಹಾರ ಹಾಕಿದ್ದು ಸುಳ್ಳೇ ಎಂದು ಕೇಳಿದೆ.

“ಹಾಕಿದ್ದು ಖರೇ ರೀ. ಆದ್ರ ಬಾಜೂ ಊರಿಗಿ ನಡ್ಕೋತ ಹೋಗಿ ಹಾಕಿ ಬಂದಿದ್ದ.”

೩. ಸಾಕ್ಷಿ

ಕೊನೆಗೆ ಹೇಳಿಕೆ ಬದಲಿಸದೆ ಉಳಿದವಳು ಅಜ್ಜಿ ಒಬ್ಬಳೇ. ಮಳೆ ನಿಂತ ಒಂದು ಮಧ್ಯಾಹ್ನ ಸಾಹೇಬರನ್ನು ಜೀಪಿನಲ್ಲಿ ಅಲ್ಲಿಗೆ ಕರೆದೊಯ್ದೆ. ಓಣಿಗೆ ತಿರುಗಿದ್ದೇ ತಡ, ಎರೆಮಣ್ಣಿನ ಕೆಸರಲ್ಲಿ ಜೀಪು ಅರ್ಧ ಗಾಲಿ ಹೂತುಹೋಯಿತು. ಎಳೆಯಲು ಬಂದ ಟ್ರ್ಯಾಕ್ಟರೂ ಅಲ್ಲೇ ಕೂತಿತು. ಕಡೆಗೆ ಮೊಮ್ಮಕ್ಕಳೇ ಹೋಗಿ ಎತ್ತು ಹೊಡೆದುಕೊಂಡು ಬಂದರು. ಎತ್ತುಗಳು ಜೀಪು ಎಳೆಯುವಾಗ ಅಜ್ಜಿ ಕೋಲೂರಿ ಕಟ್ಟೆಯ ಮೇಲೆ ನಿಂತಿದ್ದಳು.

“ಅವತ್ತ ಲಾರಿ ಸಿಕ್ಕೊಂಡಿದ್ದೂ ಇದೇ ಜಾಗಾದಾಗ್ರಿ. ಈಗಾದ್ರೂ ಬರಕೋರಿ.”

ಮೊಮ್ಮಕ್ಕಳು ತಲೆ ತಗ್ಗಿಸಿದರು. ಸಾಹೇಬರು ಬೂಟು ಕಂಕುಳಲ್ಲಿ ಹಿಡಿದು, ಕೆಸರಲ್ಲೇ ನಿಂತು ಬರೆದುಕೊಂಡರು. ಅವಳಪ್ಪನ ಎತ್ತುಗಳ ಹೆಸರನ್ನೂ ಕೇಳಿ ಬರೆದರು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಕಣ್ಣೂ ತುಂಬಿತು. ಆಮೇಲೆ ಸಾಹೇಬರು ಮೆಲ್ಲಗೆ, ಇನ್ನು ಹಾದಿ ಇದ್ದಂತೆಯೇ ಇರಬೇಕಾಗುತ್ತದೆ, ಡಾಂಬರು ಎಂದೂ ಬರುವುದಿಲ್ಲ, ನಡೆಯುತ್ತದೆಯೇ ಎಂದರು.

“ನಡೀತದ್ರಿ. ಅವತ್ತಿನಿಂದ ಇದನ್ನ ಇದ್ದಂಗ ಕಾಯ್ದಿಟ್ಟವ್ರು ನೀವೇ ಅಲ್ಲೇನ್ರಿ?”