ಹನ್ನೊಂದು ಪಾಯಿಂಟ್ ಎರಡು

ನಿಖರವಾಗಿ ಮಾತಾಡುವವರನ್ನು ಯಾರೂ ಅಷ್ಟಾಗಿ ಇಷ್ಟಪಡುವುದಿಲ್ಲ. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳಿ ನಿವೃತ್ತನಾದ ಮೇಲೂ ಈ ಅಭಿಪ್ರಾಯ ಬದಲಿಸುವಂಥದ್ದೇನೂ ನಡೆದಿಲ್ಲ. ಹಿಂದೂಪುರದ ನಮ್ಮ ಬೀದಿಯಲ್ಲಿ ಯಾರಾದರೂ ಸಮಯ ಕೇಳಿದರೆ ನಾನು ಹತ್ತೂ ಹದಿನೇಳು ಎನ್ನುತ್ತೇನೆ. ಕೇಳಿದವರು ಅದನ್ನು ಹತ್ತೂಕಾಲು ಎಂದು ತಿದ್ದಿಕೊಂಡು ಹೋಗುತ್ತಾರೆ. ಹುಣಿಸೆಹಣ್ಣಿನ ಅಂಗಡಿಯಲ್ಲಿ ತಕ್ಕಡಿಯ ಮುಳ್ಳು ಅಲುಗುವುದು ಪೂರ್ತಿ ನಿಲ್ಲುವವರೆಗೆ ಕಾಯುವವನು ನಾನೊಬ್ಬನೇ. ಹಾಗಾಗಿ ಅಂಗಡಿಯವನು ನನ್ನನ್ನು ಕಂಡೊಡನೆ ತನ್ನ ಆಳಿಗೆ ತೆಲುಗಿನಲ್ಲಿ, "ಸಾರ್‌ನಿ ಚಿವರ್ಲೋ ಚೂಸ್ಕುಂದಾಂ" ಎಂದು ಹೇಳಿ ನನ್ನನ್ನು ಸಾಲಿನ ಕೊನೆಗೆ ತಳ್ಳುತ್ತಾನೆ. ನನ್ನ ಹೆಂಡತಿ ಸರೋಜಾಳದು ಇನ್ನೊಂದು ದೂರು. "ಮದುವೆಯಾಗಿ ಎಷ್ಟು ವರ್ಷ ಆಯ್ತು ಅಂತ ಕೇಳಿದ್ರೆ ತಿಂಗಳು, ದಿನ ಎಲ್ಲಾ ಸೇರಿಸಿ ಹೇಳ್ತೀರಿ. ಕೇಳಿದೋರು ನಿಮಗೇನೋ ಶಿಕ್ಷೆ ಆಗೈತೆ ಅಂದ್ಕಂತಾರೆ."

ಇಂಥ ನನ್ನನ್ನು ಹುಡುಕಿಕೊಂಡು ಕಳೆದ ವರ್ಷ ಕಲ್ಯಾಣದುರ್ಗದಿಂದ ಬೆಳಗಿನ ಬಸ್ಸಿಗೆ ಯಶೋದಾ ಬಂದಳು. ನಾನು ಅಲ್ಲಿ ಕೆಲಸಕ್ಕಿದ್ದಾಗ ಬಿ.ಎಸ್ಸಿ.ಯಲ್ಲಿ ನನ್ನ ವಿದ್ಯಾರ್ಥಿನಿ. ಜೊತೆಗೆ ಅವಳ ತಾಯಿ ಈರಮ್ಮ, ಅವರ ಮಡಿಲಲ್ಲಿ ಒಂದು ಚೀಲ ಹುರಿದ ಶೇಂಗಾ. ಅವರದು ಮೊದಲು ಮಗ್ಗವಿದ್ದ ಮನೆ, ಈಗ ಸೀರೆಯಂಗಡಿ. ನೀರು ಸೋಕಿದರೆ ಬಣ್ಣ ಬಿಡುವ ಸೀರೆಗಳನ್ನು ಜನ ವಾಪಸು ತಂದು ಜಗಳವಾಡುವುದನ್ನು ನೋಡುತ್ತ ಬೆಳೆದ ಹುಡುಗಿಗೆ ಬಣ್ಣಗಳ ರಸಾಯನಶಾಸ್ತ್ರವನ್ನೇ ಓದಬೇಕೆಂಬ ಆಸೆ ಹುಟ್ಟಿತ್ತು. ಅದನ್ನು ಚೆನ್ನಾಗಿ ಕಲಿಸುವ ವಿದೇಶದ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ್ದಳು.

"ಅದೇನೋ ಕಂಪ್ಯೂಟರ್ ಪರೀಕ್ಷೆ ಸಾರ್, ಎರಡ್ ಸಲ ಬರೆದವ್ಳೆ," ಎಂದರು ಈರಮ್ಮ. "ಎರಡ್ ಸಲನೂ ಅದೇ ನಂಬರು ಬಂದ್ಬುಟ್ಟೈತೆ. ಮಿಷನ್ನೇ ಮಾರ್ಕ್ಸ್ ಹಾಕ್ತದಂತೆ. ಮನುಷ್ಯರಾದ್ರೆ ಹೋಗಿ ಕೇಳ್ಬೋದು, ಮಿಷನ್ನ ಏನಂತ ಕೇಳಾನ?"

"ಅಮ್ಮ, ನೀನು ಸುಮ್ನಿರಮ್ಮ," ಎಂದು ಯಶೋದಾ ಫೋನನ್ನು ನನ್ನ ಮುಂದಿಟ್ಟಳು. ವಿಶ್ವವಿದ್ಯಾಲಯದವರು ಮರ್ಯಾದೆಯಾಗಿಯೇ ಬರೆದಿದ್ದರು. ನಿಮ್ಮ ಪರೀಕ್ಷೆಯ ಅಂಕ ಗಡಿರೇಖೆಯ ಮೇಲಿದೆ. ಪದವಿಯಲ್ಲಿ ಎಲ್ಲ ವಿಷಯದಲ್ಲೂ ಒಳ್ಳೆಯ ಅಂಕಗಳಿದ್ದು, ಕೊನೆಯ ವರ್ಷದ ರಸಾಯನಶಾಸ್ತ್ರ ಪ್ರಾಯೋಗಿಕದಲ್ಲಿ ಮಾತ್ರ ಐವತ್ತಕ್ಕೆ ಇಪ್ಪತ್ತಮೂರು ಬಂದಿದೆ. ಅದು ಏಕೆಂದು ಆ ಪರೀಕ್ಷೆ ನಡೆಸಿದ ಅಧ್ಯಾಪಕರಿಂದ ಒಂದು ಪತ್ರ ಬರಲಿ, ಆಮೇಲೆ ನಿರ್ಧರಿಸುತ್ತೇವೆ. ಒಂಬತ್ತು ದಿನಗಳ ಗಡುವಿತ್ತು.

ಕಾಫಿ ತಂದ ಸರೋಜಾ, "ಇಷ್ಟು ಚೆನ್ನಾಗಿ ಓದೋ ಮಗೂಗೆ ಇಪ್ಪತ್ಮೂರು ಕೊಟ್ಟ ಪುಣ್ಯಾತ್ಮ ಯಾರು?" ಎಂದಳು.

"ನಾನೇ," ಎಂದೆ.

ಯಶೋದಾ ತಲೆ ತಗ್ಗಿಸಿಯೇ ಮಾತಾಡಿದಳು. "ಸಾರ್, ಆವತ್ತು ನಂಗೆ ಜ್ವರ ಬಂದಿತ್ತು ಅಂತ ಬರೆದ್ಬುಡಿ ಸಾರ್. ಎಲ್ರೂ ಹಂಗೇ ಬರೆಸ್ಕಂತಾರೆ."

"ಜ್ವರ ಬಂದಿತ್ತೇನಮ್ಮ?"

"ಇಲ್ಲ ಸಾರ್."

ನೋಡೋಣ ಎಂದೆ. ಆ ದಿನ ಅವಳಿಗೆ ಜ್ವರವಿರಲಿಲ್ಲ ಎಂಬುದು ನನಗೆ ಅವಳಿಗಿಂತ ಚೆನ್ನಾಗಿ ಗೊತ್ತಿತ್ತು. ಹೇಗೆಂದರೆ, ನಮ್ಮ ಪ್ರಯೋಗಾಲಯದ ಒಂದು ಪದ್ಧತಿಯನ್ನು ಮೊದಲು ಹೇಳಬೇಕು. ಪ್ರಾಯೋಗಿಕ ಪರೀಕ್ಷೆಯ ದಿನ ಬ್ಯುರೆಟ್ ಎಂಬ ಉದ್ದನೆಯ ಗಾಜಿನ ಕೊಳವೆಗೆ ನಾನು ತಯಾರಿಸಿದ ದ್ರಾವಣ ತುಂಬಿ, ಹನಿಹನಿಯಾಗಿ ಬಿಟ್ಟು, ಕೆಳಗಿನ ದ್ರಾವಣದ ಬಣ್ಣ ಬದಲಾಗಲು ಎಷ್ಟು ಬೇಕಾಯಿತೆಂದು ಬರೆಯಬೇಕು. ಆದರೆ ಎಷ್ಟು ಬರಬೇಕು ಎಂಬುದು ಹಳೆಯ ವಿದ್ಯಾರ್ಥಿಗಳ ರೆಕಾರ್ಡು ಪುಸ್ತಕಗಳ ಮೂಲಕ ಎಲ್ಲರಿಗೂ ಮೊದಲೇ ತಿಳಿದಿರುತ್ತದೆ. ಉತ್ತರ 9.8 ಮಿಲಿಲೀಟರ್. ಅಟೆಂಡರ್ ಕೂಡ ನೀರು ಕೊಡುವ ನೆಪದಲ್ಲಿ ಅದನ್ನೇ ಪಿಸುಗುಟ್ಟುತ್ತಾನೆ. ಆ ವರ್ಷ ಹದಿನೆಂಟು ಮಂದಿಯಲ್ಲಿ ಹದಿನೇಳು ಮಂದಿ 9.8 ಎಂದು ಬರೆದರು. ಕೆಲವರು ಬ್ಯುರೆಟ್ಟಿಗೆ ದ್ರಾವಣ ತುಂಬುವ ಮೊದಲೇ ಬರೆದಿದ್ದರು. ಯಶೋದಾ ಮಾತ್ರ ಮೂರು ಸಲ ಮಾಡಿ, ಮೂರು ಸಲವೂ 11.2 ಎಂದು ಬರೆದಳು. ನಾನು ಅದರ ಸುತ್ತ ಕೆಂಪು ಶಾಯಿಯಲ್ಲಿ ವೃತ್ತ ಎಳೆದು ಇಪ್ಪತ್ತಮೂರು ಕೊಟ್ಟೆ. ಅಂಕಗಳ ಲಕೋಟೆಗೆ ಅರಗಿನ ಮುದ್ರೆ ಬಿತ್ತು.

ಸಂಜೆ ಎಲ್ಲರೂ ಹೋದ ಮೇಲೆ, ಸುಮ್ಮನೆ ನನ್ನ ಸಮಾಧಾನಕ್ಕೆಂದು, ಉಳಿದ ದ್ರಾವಣದಿಂದ ನಾನೇ ಮಾಡಿ ನೋಡಿದೆ. 11.2 ಬಂತು. ಇನ್ನೊಂದು ಸಲ ಮಾಡಿದೆ. 11.2. ಬೆಳಿಗ್ಗೆ ತೂಕ ಹಾಕುವಾಗ ಹಿತ್ತಾಳೆಯ ಒಂದು ಸಣ್ಣ ತೂಕದ ಬಿಲ್ಲೆಯನ್ನು ನಾನು ಎರಡು ಸಲ ಲೆಕ್ಕಕ್ಕೆ ಹಿಡಿದಿದ್ದೆ. ಹಾಗಾಗಿ ದ್ರಾವಣ ತೆಳುವಾಗಿ, 9.8ರ ಬದಲು 11.2 ಬೇಕಾಗಿತ್ತು. ತಕ್ಕಡಿಯ ಮುಳ್ಳು ನಿಲ್ಲುವವರೆಗೆ ಕಾಯುವ ಮನುಷ್ಯ ಪಕ್ಕದಲ್ಲಿದ್ದ ಬಿಲ್ಲೆಗಳನ್ನು ನೋಡಿರಲಿಲ್ಲ. ನಾನು ಏನು ಮಾಡಿದೆ? ಮನೆಗೆ ಬಂದು ಡೈರಿಯಲ್ಲಿ ಪೆನ್ಸಿಲ್ಲಿನಿಂದ, "11.2. ಯಶೋದಾ ಸರಿ" ಎಂದು ಬರೆದು ಊಟ ಮಾಡಿದೆ. ಲಕೋಟೆಗೆ ಮುದ್ರೆ ಬಿದ್ದಾಗಿದೆ, ಪಾಸಂತೂ ಆಗುತ್ತಾಳಲ್ಲ ಎಂದುಕೊಂಡೆ. ಮೂರು ವರ್ಷ ಹಾಗೆಯೇ ಅಂದುಕೊಂಡಿದ್ದೆ.

ಅವಳು ಬಂದು ಹೋದ ಮೇಲೆ ಮೊದಲ ಐದು ದಿನ ನಾನು ಪತ್ರ ಬರೆಯಲಿಲ್ಲ. ವಿಶ್ವವಿದ್ಯಾಲಯದವರು ಕಳಿಸಿದ್ದ ನಮೂನೆಯಲ್ಲಿ, ನೀವು ಕಲಿಸಿದವರಲ್ಲಿ ಈಕೆ ಮೇಲಿನ ಶೇಕಡ ಎಷ್ಟರಲ್ಲಿ ಬರುತ್ತಾಳೆ ಎಂಬ ಪ್ರಶ್ನೆಯಿತ್ತು. ಮೂವತ್ತೊಂದು ವರ್ಷಗಳ ರಿಜಿಸ್ಟರುಗಳನ್ನು ಟ್ರಂಕಿನಿಂದ ಇಳಿಸಿ ಹಜಾರದಲ್ಲಿ ಹರಡಿ ಕುಳಿತೆ. "ಶೇಕಡ ಒಂದು ಅಂತ ಟಿಕ್ ಮಾಡಿ ಏಳ್ರಿ, ಲೋಕದಾಗೆ ಎಲ್ರೂ ಹಂಗೇ ಮಾಡೋದು," ಎಂದಳು ಸರೋಜಾ. ಲೆಕ್ಕ ತಪ್ಪಬಾರದು ಎಂದೆ. ಅವಳು ಪೊರಕೆ ಹಿಡಿದು ರಿಜಿಸ್ಟರುಗಳ ಸುತ್ತ ಗುಡಿಸುತ್ತ, "ತಪ್ಪಿರೋ ಲೆಕ್ಕ ಇದಲ್ಲ ಅಂತ ಕಾಣ್ತದೆ," ಎಂದಳು. ನಾನು ಅವಳಿಗೆ ಏನೂ ಹೇಳಿರಲಿಲ್ಲ. ಆಗ ಹೇಳಿದೆ. ಅವಳು ಪೊರಕೆಯನ್ನು ಗೋಡೆಗೆ ಒರಗಿಸಿ, ಟ್ರಂಕಿನ ಮೇಲಿದ್ದ ಕನ್ನಡಕ ತಂದು ಕೈಗೆ ಕೊಟ್ಟಳು.

ಪತ್ರ ಒಂದೂವರೆ ಪುಟವಾಯಿತು. ಬಿಲ್ಲೆ, 9.8, ಹದಿನೇಳು ಮಂದಿ, ಲಕೋಟೆ, ಪೆನ್ಸಿಲ್, ಎಲ್ಲವನ್ನೂ ಇದ್ದಂತೆ ಬರೆದೆ. ಕೊನೆಯಲ್ಲಿ, ಆ ದಿನ ಆ ಕೋಣೆಯಲ್ಲಿ ಪ್ರಯೋಗವನ್ನು ನಿಜವಾಗಿ ಮಾಡಿದವಳು ಈಕೆ ಒಬ್ಬಳೇ ಎಂದೆ. ಕಳಿಸುವ ಮೊದಲು ಯಶೋದಾಳಿಗೆ ಫೋನಿನಲ್ಲಿ ಓದಿ ಹೇಳಿದೆ.

"ಸಾರ್, ನಿಮಗೆ ಆವತ್ತೇ ಗೊತ್ತಿತ್ತಾ?"

"ಆವತ್ತೇ. ಸಂಜೆ ನಾಲ್ಕೂ ನಲವತ್ತಕ್ಕೆ."

"ನಾನು ಮೂರು ವರ್ಷದಿಂದ ನನ್ ಕೈಯೇ ಸರಿಯಿಲ್ಲ ಅಂದ್ಕಂಡಿದ್ದೆ ಸಾರ್," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎಂದು ನನಗನಿಸಿತು. ಹಿಂದಿನಿಂದ ಈರಮ್ಮನ ದನಿ ಕೇಳಿಸಿತು. "ಏನಂತೆ ಕಣೇ? ಜ್ವರ ಅಂತ ಬರೆದ್ರಾ?" "ಇಲ್ಲಮ್ಮ," ಎಂದಳು ಮಗಳು. "ಜ್ವರ ಸಾರ್‌ಗೇ ಬಂದಿತ್ತಂತೆ."

ಇಪ್ಪತ್ತು ದಿನಗಳ ನಂತರ ಸೀಟು ಸಿಕ್ಕಿತು. ಈರಮ್ಮ ಸರೋಜಾಳಿಗೊಂದು ಕೆಂಪು ಸೀರೆ ತಂದು, "ಬಣ್ಣ ಬಿಡಾಕಿಲ್ಲ ಕಣಮ್ಮ, ಬಿಟ್ರೆ ಎರಡ್ ವರ್ಷ ತಡ್ಕಳಿ, ಮಗಳು ಕಲ್ತು ಬತ್ತಾಳೆ," ಎಂದರು. ಹೊರಡುವಾಗ ನನ್ನ ಕಡೆ ತಿರುಗಿ, "ಇಪ್ಪತ್ಮೂರಲ್ಲೇ ಇಷ್ಟು ದೂರ ಹೋದ್ಳು ಸಾರ್. ನೀವು ಸರ್ಯಾಗಿ ಕೊಟ್ಟಿದ್ರೆ ಇನ್ನೆಲ್ಲಿಗ್ ಹೋಗ್ತಿದ್ಳೋ," ಎಂದರು. ಅದು ಕ್ಷಮೆಯೋ ಬೈಗುಳವೋ ನನಗೆ ಈವರೆಗೂ ನಿಖರವಾಗಿ ಗೊತ್ತಾಗಿಲ್ಲ. ಎರಡೂ ಇರಬಹುದು ಎಂದುಕೊಂಡು, ಅವರು ಈ ಸಲವೂ ತಂದಿದ್ದ ಶೇಂಗಾ ತಿಂದೆ. ಚೆನ್ನಾಗಿತ್ತು.

ವಿಷಯ ಕಲ್ಯಾಣದುರ್ಗದ ತುಂಬ ಹಬ್ಬಿದೆ. ಹೊರದೇಶಕ್ಕೆ ಅರ್ಜಿ ಹಾಕುತ್ತಿರುವ ಹಳೆಯ ವಿದ್ಯಾರ್ಥಿಗಳು ಈಗ ವಾರಕ್ಕೊಬ್ಬರಂತೆ ಫೋನ್ ಮಾಡುತ್ತಾರೆ. ಮೊನ್ನೆ ಒಬ್ಬ ಬಹಳ ವಿನಯದಿಂದ ಕೇಳಿದ: "ಸಾರ್, ನನ್ನ ವಿಷಯದಾಗೂ ನೀವೇನಾದ್ರೂ ತಪ್ಪು ಮಾಡಿದ್ರಾ ಅಂತ ಸ್ವಲ್ಪ ನೆನಪು ಮಾಡ್ಕಂತೀರಾ?" ಖಂಡಿತ ಇಲ್ಲಪ್ಪ ಎನ್ನಲು ಬಾಯಿ ತೆರೆದೆ. ಆದರೆ ನೋಡದೆ ಹೇಳುವುದು ನನ್ನ ಅಭ್ಯಾಸವಲ್ಲ. ಹಳೆಯ ಡೈರಿಗಳನ್ನು ಇಳಿಸಿ, ಪೆನ್ಸಿಲ್ಲಿನಲ್ಲಿ ಬರೆದ ಸಾಲುಗಳನ್ನು ಮಾತ್ರ ಓದುತ್ತ ಕುಳಿತಿದ್ದೇನೆ. ಈವರೆಗೆ ನಾಲ್ಕು ತಪ್ಪು ಸಿಕ್ಕಿವೆ. ಇದು ಇನ್ನೂ ಎರಡನೆಯ ಡೈರಿ.