ಪೆಂಗ್ವಿನ್‌ಗೆ ಪ್ರವೇಶವಿಲ್ಲ

ಇನ್ನು ಮೇಲೆ ಈ ಮನೆಯಲ್ಲಿ ಯಾವ ಯಂತ್ರವೂ ನನಗೆ ಬುದ್ಧಿ ಹೇಳಕೂಡದು ಎಂದು ನಾನು ಘೋಷಿಸಿದ್ದು ಒಂದು ಶುಕ್ರವಾರ ಬೆಳಿಗ್ಗೆ, ಬಾಯಲ್ಲಿದ್ದ ಬ್ರಷ್ಷನ್ನೂ ತೆಗೆಯದೆ. ಅರ್ಧ ಘೋಷಣೆ ಪೇಸ್ಟಿನ ನೊರೆಯಾಗಿ ಅಂಗಿಯ ಮೇಲೆ ಬಿತ್ತು. ಉಳಿದರ್ಧ ಹೆಂಡತಿಗೆ ಕೇಳಿಸಿತು.

"ಏನಂತೆ ಕಂಪ್ಯೂಟರು?" ಅಂದಳು.

"ಹಳೇದಾಯ್ತಂತೆ, ಕೆಲಸಕ್ಕೆ ಬರಲ್ಲವಂತೆ."

"ಅದಾ, ನೀವಾ?"

ಅದೇ. ಹನ್ನೊಂದು ವರ್ಷದಿಂದ ನೆಟ್ಟಗೆ ನಡೆಯುತ್ತಿದ್ದ ನನ್ನ ಕಂಪ್ಯೂಟರಿನ ಪರದೆಯ ಮೇಲೆ ಒಂದು ನೋಟೀಸು ಬಂದಿತ್ತು: ಈ ಯಂತ್ರ ನಮ್ಮ ಹೊಸ ಆವೃತ್ತಿಗೆ ಅರ್ಹವಲ್ಲ, ಬೇರೆಯದನ್ನು ಕೊಳ್ಳಿ. ನಾನು ಓದಿದ್ದು ಏಳನೇ ತರಗತಿ. ಆದರೆ ಸುಟ್ಟ ಮೋಟಾರನ್ನು ಮೂಸಿ ನೋಡಿಯೇ ಯಾವ ಸುರುಳಿ ಹೋಗಿದೆ ಎಂದು ಹೇಳಬಲ್ಲೆ. ಮೂವತ್ತು ವರ್ಷದಿಂದ ರಿವೈಂಡಿಂಗ್ ಅಂಗಡಿ ನಡೆಸುತ್ತಿದ್ದೇನೆ. ಜನ ಎಸೆಯಲು ಹೊರಟ ಮೋಟಾರುಗಳಿಗೆ ಹೊಸ ತಾಮ್ರ ಸುತ್ತಿ ಮತ್ತೆ ತಿರುಗಿಸುವುದೇ ನನ್ನ ಕಸುಬು. ತಿರುಗುತ್ತಿರುವುದನ್ನೇ ಎಸೆ ಅಂದರೆ ನನ್ನ ಕಸುಬಿಗೆ ಉಗಿದ ಹಾಗೆ.

"ಲಿನಕ್ಸ್ ಹಾಕ್ತೀನಿ," ಅಂದೆ.

ಕಂಪ್ಯೂಟರನ್ನು ನಡೆಸಲು ಲಿನಕ್ಸ್ ಎಂಬ ಬೇರೆ ವ್ಯವಸ್ಥೆಯೂ ಇದೆ ಎಂದು ನನಗೆ ಹೇಳಿದವಳು ಮಗಳು. ಅವಳು ಮುದ್ರಣಾಲಯದಲ್ಲಿ ಪುಟ ಜೋಡಿಸುವ ಕೆಲಸ ಮಾಡುತ್ತಾಳೆ. ಅಲ್ಲಿಯ ಕಂಪ್ಯೂಟರುಗಳೆಲ್ಲ ಲಿನಕ್ಸ್ ಮೇಲೇ ನಡೆಯುತ್ತವಂತೆ. ಅದು ಯಾರೊಬ್ಬರ ಅಪ್ಪನ ಆಸ್ತಿಯೂ ಅಲ್ಲ. ಯಾರು ಬೇಕಾದರೂ ಹಾಕಿಕೊಳ್ಳಬಹುದು, ಒಳಗೇನಿದೆ ಎಂದು ಬಿಚ್ಚಿ ನೋಡಬಹುದು. ಗುರುತಿಗೆ ಒಂದು ದುಂಡು ಹೊಟ್ಟೆಯ ಪೆಂಗ್ವಿನ್. ಬಿಚ್ಚಿ ನೋಡಬಹುದು ಅಂದಮೇಲೆ ಅದನ್ನು ನನ್ನಂಥವನಿಗೇ ಮಾಡಿದ್ದಾರೆ ಅನ್ನಿಸಿತು. ಅಂಗಡಿ ಬಾಗಿಲು ತೆಗೆಯುವ ಮೊದಲೇ ಬೀದಿಯ ಅಷ್ಟೂ ಜನರಿಗೆ ಹೇಳಿ ಬಂದೆ, ನಾನು ಸ್ವತಂತ್ರನಾದೆ ಅಂತ.

"ಸಂಜೆ ನಾನು ಬರೋವರೆಗೂ ಮುಟ್ಟಬೇಡ ಅಪ್ಪ," ಎಂದು ಮಗಳು ಲಿನಕ್ಸ್ ತುಂಬಿದ ಪೆನ್‌ಡ್ರೈವನ್ನು ಮೇಜಿನ ಮೇಲಿಟ್ಟು ಕೆಲಸಕ್ಕೆ ಹೋದಳು.

ಮುಟ್ಟಬೇಡ ಎಂಬ ಮಾತನ್ನು ನನ್ನ ಮುಂದೆ ಆಡಬಾರದು. ಊಟಕ್ಕೆ ಮನೆಗೆ ಬಂದವನೇ ಶುರು ಮಾಡಿದೆ. "ಎಲ್ಲವನ್ನೂ ಅಳಿಸಲೇ?" ಎಂದು ಕೇಳಿತು. ಅಳಿಸು ಅಂದೆ. "ಖಚಿತವೇ?" ಅಂದಿತು. ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದರೆ ನನಗೆ ನೆತ್ತಿ ಕಾಯುತ್ತದೆ. ಗುಂಡಿ ಒತ್ತಿದ ರಭಸಕ್ಕೆ ಮೇಜಿನ ಮೇಲಿದ್ದ ಲೋಟ ಉರುಳಿ ಚಪ್ಪಲಿಗೆಲ್ಲ ನೀರಾಯಿತು. ಕಂಪ್ಯೂಟರಿನಲ್ಲಿ ಹನ್ನೊಂದು ವರ್ಷದಿಂದ ಇದ್ದದ್ದೆಲ್ಲ ಅಳಿಸಿಹೋಯಿತು.

ಅಲ್ಲಿಗೆ ಮುಗಿಯಲಿಲ್ಲ. ಕೊನೆಯಲ್ಲಿ ಕಪ್ಪು ಪರದೆ ಬಂದು ಪಾಸ್‌ವರ್ಡ್ ಕೇಳಿತು. ಬರೆದೆ, ಏನೂ ಕಾಣಲಿಲ್ಲ. ಒತ್ತಿ ಒತ್ತಿ ಬರೆದೆ. ಒಂದು ಅಕ್ಷರವೂ ಇಲ್ಲ, ಒಂದು ಚುಕ್ಕೆಯೂ ಇಲ್ಲ. ಕೀಬೋರ್ಡು ಸತ್ತಿದೆ ಎಂದು ತೀರ್ಮಾನಿಸಿ ಸ್ಕ್ರೂಡ್ರೈವರ್ ತಂದೆ. ಸಂಜೆ ಮಗಳು ಬರುವ ಹೊತ್ತಿಗೆ ನೂರಕ್ಕೂ ಮಿಕ್ಕಿದ ಗುಂಡಿಗಳು ತಟ್ಟೆಯೊಂದರಲ್ಲಿ ಬಿದ್ದಿದ್ದವು. ನಾನು ಮೀಟರ್ ಹಿಡಿದು ತಂತಿ ಪರೀಕ್ಷೆ ಮಾಡುತ್ತಿದ್ದೆ.

"ಅಪ್ಪ, ಅದು ಪಾಸ್‌ವರ್ಡ್ ಬರೆಯುವಾಗ ತೋರಿಸಲ್ಲ. ಅದರ ಕ್ರಮವೇ ಹಾಗೆ."

"ತೋರಿಸದಿದ್ರೆ, ನಾನು ಬರೆದದ್ದು ಅದಕ್ಕೆ ಮುಟ್ಟಿತು ಅಂತ ಹೇಗೆ ಗೊತ್ತಾಗೋದು?"

"ನಂಬಬೇಕು."

ನಂಬಿಕೆಯ ಮೇಲೆ ನಡೆಯುವ ಯಂತ್ರವನ್ನು ನಾನು ಅದೇ ಮೊದಲು ಕಂಡದ್ದು.

ಮಗಳು ಗುಂಡಿಗಳನ್ನೆಲ್ಲ ಜೋಡಿಸಿ, ಮಾರನೆಯ ದಿನ ಕೂತು ಒಂದು ಕಾರ್ ರೇಸಿನ ಆಟ ಓಡಿಸಿ ತೋರಿಸಿದಳು. ಅದು ಲಿನಕ್ಸಿಗಾಗಿ ಮಾಡಿದ ಆಟವಲ್ಲ, ಆದರೂ ಚಿಗರೆಯ ಹಾಗೆ ಓಡಿತು.

"ಇದು ಹೆಂಗೆ ಬಂತು?"

"ವೈನ್ ಹಾಕಿದ್ದೀನಲ್ಲ, ಅದಕ್ಕೇ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. "ಏನು ಹಾಕಿದ್ದೀಯ? ಯಾರಿಗೆ?" ಎಂದು ಹೆಂಡತಿ ಸೌಟಿನ ಸಮೇತ ಬಂದಳು.

ವೈನ್ ಎಂದರೆ ಒಂದು ತಂತ್ರಾಂಶ, ಗಂಡನ ಮನೆಗೆ ಬಂದ ಆಟಕ್ಕೆ ಇದೇ ನಿನ್ನ ತವರುಮನೆ ಎಂದು ನಂಬಿಸುವ ಕೆಲಸ ಅದರದು, ಎಂದು ಮಗಳು ಬಿಡಿಸಿ ಹೇಳಿದಳು. ಹೆಂಡತಿ ನನ್ನ ಬಾಯಿಯ ಹತ್ತಿರ ಬಂದು ಒಮ್ಮೆ ಮೂಸಿ, "ಮದುವೆಯಾದಾಗ ನನಗೂ ಯಾರಾದ್ರೂ ಇದನ್ನ ಹಾಕಿದ್ರೆ ಚೆನ್ನಾಗಿತ್ತು," ಎಂದು ಒಳಗೆ ಹೋದಳು.

ಇನ್ನು ತಮ್ಮನ ವಿಷಯ ಹೇಳಬೇಕು. ಹೇಳಲು ಮನಸ್ಸಿಲ್ಲ. ಅದಕ್ಕೇ ಇಷ್ಟು ಹೊತ್ತು ಲೋಟ, ಕೀಬೋರ್ಡು ಎಂದು ಕಾಲ ತಳ್ಳಿದೆ.

ಅಂಗಡಿ ಮೊದಲು ನಮ್ಮಿಬ್ಬರದಾಗಿತ್ತು. ಮೂರು ವರ್ಷದ ಹಿಂದೆ ಜಗಳವಾಗಿ ಅವನು ಪೇಟೆಯ ಆ ತುದಿಯಲ್ಲಿ ಬೇರೆ ಅಂಗಡಿ ಹಾಕಿದ. ಅಂದಿನಿಂದ ಮಾತಿಲ್ಲ. ಆದರೆ ಪ್ರತಿ ಭಾನುವಾರ ಸಂಜೆ ನಾಲ್ಕು ಗಂಟೆಗೆ ನಾವಿಬ್ಬರೂ ಅವರವರ ಮನೆಯಲ್ಲಿ ಕೂತು ಒಂದೇ ಟ್ಯಾಂಕ್ ಹತ್ತುತ್ತಿದ್ದೆವು. ಅದು ಇಂಟರ್‌ನೆಟ್ಟಿನಲ್ಲಿ ಆಡುವ ಯುದ್ಧದ ಆಟ. ಒಬ್ಬ ಟ್ಯಾಂಕ್ ಓಡಿಸಬೇಕು, ಇನ್ನೊಬ್ಬ ಗುಂಡು ಹಾರಿಸಬೇಕು. ಅವನು ಆಡುತ್ತಾನೆಂದು ತಿಳಿದು ನಾನು ಸೇರಿಕೊಂಡಿದ್ದೆ. ಮಾತಾಡಲು ಮೈಕ್ ಇದೆ, ಇಬ್ಬರೂ ಅದನ್ನು ಮುಟ್ಟಿದವರಲ್ಲ. ಆಟದಲ್ಲೇ ನಾಲ್ಕು ಗುಂಡಿಗಳಿವೆ: ಎಡಕ್ಕೆ, ಬಲಕ್ಕೆ, ನಿಲ್ಲು, ಭೇಷ್. ಮೂರು ವರ್ಷ ನಮ್ಮ ಸಂಬಂಧ ಆ ನಾಲ್ಕು ಮಾತಿನ ಮೇಲೆ ನಡೆದಿತ್ತು. ಅವನಿಗೆ ಜ್ವರ ಬಂದ ವಾರ "ಬಲಕ್ಕೆ" ತಡವಾಗಿ ಬರುತ್ತಿತ್ತು. ಅಷ್ಟರಿಂದಲೇ ನನಗೆ ಗೊತ್ತಾಗುತ್ತಿತ್ತು.

ಲಿನಕ್ಸ್ ಹಾಕಿದ ಮೇಲಿನ ಮೊದಲ ಭಾನುವಾರ, ಮಗಳ ಕೈಲಿ ಆ ಆಟವನ್ನೂ ಮತ್ತೆ ಹಾಕಿಸಿಕೊಂಡು ಮೂರೂಮುಕ್ಕಾಲಿಗೇ ಕೂತೆ. ಟ್ಯಾಂಕಿನ ಬದಲು ಒಂದು ಕೆಂಪು ಚೌಕ ಬಂತು. ಮಗಳು ಓದಿ ಹೇಳಿದಳು: "ನಿಮ್ಮ ಯಂತ್ರದಲ್ಲಿ ಅನುಮಾನದ ವಾತಾವರಣವಿದೆ. ಮೋಸದ ಆಟ ತಡೆಯುವ ಸಲುವಾಗಿ ಪ್ರವೇಶವಿಲ್ಲ."

"ಯಾರಿಗೆ ಮೋಸಗಾರ ಅಂದಿದ್ದು? ನನಗಾ?"

"ನಿನಗಲ್ಲ ಅಪ್ಪ, ಪೆಂಗ್ವಿನ್‌ಗೆ. ಆ ಆಟಕ್ಕೆ ಒಬ್ಬ ಕಾವಲುಗಾರ ಇದ್ದಾನೆ. ಯಾರೂ ಕಳ್ಳಾಟ ಆಡದ ಹಾಗೆ ಅವನು ಕಂಪ್ಯೂಟರಿನ ಒಳಮನೆಯಲ್ಲೇ ಕೂತು ಎಲ್ಲಾ ಪೆಟ್ಟಿಗೆ ತೆಗೆದು ನೋಡ್ತಾನೆ. ಲಿನಕ್ಸ್‌ನಲ್ಲಿ ಅವನಿಗೆ ಆ ಜಾಗ ಸಿಗಲ್ಲ. ನೋಡೋಕೆ ಆಗದ್ದೆಲ್ಲ ಅವನ ಲೆಕ್ಕದಲ್ಲಿ ಕಳ್ಳತನ."

"ನಾನೇನು ಮಾಡಿದ್ದೀನಿ ಅಂತ ನೋಡದೇ?"

"ನೋಡದೇ."

ಮೇಜಿಗೆ ಗುದ್ದಬೇಕೆಂದು ಎತ್ತಿದ ಕೈ ಅಲ್ಲೇ ನಿಂತಿತು. ಯಾಕೆಂದರೆ ಮೂರು ವರ್ಷದ ಹಿಂದಿನ ಜಗಳವೂ ಇದೇ. ನಾನು ಸುರುಳಿ ಸುತ್ತುವಾಗ ಒಂದು, ಎರಡು ಎಂದು ಬಾಯಿಬಿಟ್ಟು ಎಣಿಸುತ್ತೇನೆ; ಸುತ್ತು ಕಮ್ಮಿಯಾದರೆ ತಾಮ್ರ ಉಳಿಯುತ್ತದೆ, ಮೋಟಾರು ಸುಡುತ್ತದೆ. ತಮ್ಮನೋ, ತುಟಿ ಎರಡು ಮಾಡದೆ, ಕಿಟಕಿಯಾಚೆ ನೋಡುತ್ತಾ, ನನ್ನ ಎರಡರಷ್ಟು ವೇಗದಲ್ಲಿ ಸುತ್ತುತ್ತಿದ್ದ. ನನಗೆ ಕೇಳಿಸದ ಎಣಿಕೆಯನ್ನು ನಾನು ಹೇಗೆ ನಂಬುವುದು? ಒಂದು ದಿನ ಪಂಪಿನ ಮೋಟಾರು ಒಯ್ಯಲು ಬಂದ ಗಿರಾಕಿಯ ಎದುರಿಗೇ "ಸುತ್ತು ಕದ್ದಿದ್ದೀಯ" ಅಂದೆ. ಅವನು ಸುತ್ತಿದ್ದನ್ನೆಲ್ಲ ಬಿಚ್ಚಿ ಎಣಿಸಿದೆ. ಕೊನೆಯ ಸುತ್ತಿನವರೆಗೂ ಸರಿಯಿತ್ತು. ಆಗಲಾದರೂ ಬಾಯಿ ಮುಚ್ಚಬಹುದಿತ್ತು. "ಈ ಸಲ ಸರಿ ಇದೆ" ಅಂದೆ. ಅವನು ಇಕ್ಕಳವನ್ನು ಮೇಜಿನ ಮೇಲೆ ಮೆತ್ತಗೆ ಇಟ್ಟು ಹೊರಗೆ ಹೋದ.

"ಹಳೇ ವ್ಯವಸ್ಥೆಯನ್ನೇ ಮತ್ತೆ ಹಾಕಿಬಿಡ್ಲಾ?" ಅಂದಳು ಮಗಳು. "ಒಂದು ಗಂಟೆ ಕೆಲಸ."

"ಬೀದಿಗೆಲ್ಲ ಹೇಳಿಬಿಟ್ಟಿದ್ದೀನಿ. ಸತ್ರೂ ಹಾಕಲ್ಲ."

ನಾಲ್ಕು ಗಂಟೆ ದಾಟಿತು. ಮುಂದಿನ ಭಾನುವಾರದ ನಾಲ್ಕು ಗಂಟೆಯೂ ದಾಟಿತು. ಪೇಟೆಯ ಆ ತುದಿಯಲ್ಲಿ ಒಬ್ಬ ಅರ್ಧ ಟ್ಯಾಂಕಿನಲ್ಲಿ ಕೂತು ಕಾಯುತ್ತಿದ್ದಾನೆ ಎಂದು ನನಗೆ ಗೊತ್ತಿತ್ತು. ಈಗ ಅಣ್ಣ ಆಟವನ್ನೂ ಬಿಟ್ಟ ಅಂದುಕೊಳ್ಳುತ್ತಾನೆ, ಅದೂ ಗೊತ್ತಿತ್ತು. ಹಾಗೆಲ್ಲ ಅಲ್ಲವೋ ಎಂದು ಹೇಳಲು ನಾಲ್ಕು ಗುಂಡಿಗಳಲ್ಲಿ ಒಂದೂ ನನ್ನ ಬಳಿ ಇರಲಿಲ್ಲ.

ಸಿಟ್ಟನ್ನೆಲ್ಲ ಆಟದ ಮಾಲೀಕರ ಮೇಲೆ ತಿರುಗಿಸಿದೆ.

"ಇದು ಯಾವ ಕಾಲಕ್ಕೆ ಸರಿಹೋಗುತ್ತೆ?" ಎಂದು ಮಗಳನ್ನು ಕೇಳಿದೆ.

"ಹತ್ತಕ್ಕೆ ಒಂಬತ್ತು ಆಟ ಈಗಲೇ ಓಡ್ತವೆ ಅಪ್ಪ. ಮೊದಲು ಎರಡೂ ಓಡ್ತಿರಲಿಲ್ಲ. ಕೈಯಲ್ಲಿ ಹಿಡಿದು ಆಡೋ ಯಂತ್ರಗಳೂ ಈಗ ಲಿನಕ್ಸ್ ಮೇಲೇ ಬರ್ತಿವೆ. ಆಡೋರು ಜಾಸ್ತಿ ಆದ್ರೆ ಇದೂ ತೆರೆದುಕೊಳ್ಳುತ್ತೆ. ಒಳಮನೆ ಸಿಗದಿದ್ರೂ, ಹೊರಗೆ ಕೂತು ಕಾಯೋಷ್ಟು ಲಿನಕ್ಸ್ ಭಾಷೆ ನಮ್ಮ ಆಟದ ಕಾವಲುಗಾರನಿಗೂ ಬರುತ್ತಂತೆ. ಮಾಲೀಕರು ಒಳಗೆ ಬಿಡು ಅಂತ ಒಂದು ಗುಂಡಿ ಒತ್ತಬೇಕು ಅಷ್ಟೆ."

"ಮತ್ತೆ ಯಾಕೆ ಒತ್ತಿಲ್ಲ?"

"ಒತ್ತಿದ್ರೆ ಏನಾದ್ರೂ ಆದೀತು ಅಂತ ಭಯ ಇರಬೇಕು."

ನಾನು ಎದ್ದು ನಿಂತೆ. "ಬಾಗಿಲಿದೆ, ಬೀಗ ಇಲ್ಲ. ಆಚೆ ಕಡೆ ಮನುಷ್ಯ ಕಾಯ್ತಿದ್ದಾನೆ. ಒಂದು ಗುಂಡಿ ಒತ್ತೋಕೆ ಏನು ರೋಗ? ಬೆರಳಿಲ್ವಾ? ಅಹಂಕಾರ ಅಲ್ದೆ ಮತ್ತೇನು ಇದು?"

ಹೆಂಡತಿ ಬಟ್ಟೆ ಮಡಚುತ್ತಾ ಕೂತಿದ್ದಳು. ನನ್ನ ಅಂಗಿಯೊಂದರ ತೋಳು ನೇರ ಮಾಡುತ್ತಾ, "ಹೌದು ರೀ," ಅಂದಳು. "ಮೂರು ವರ್ಷದಿಂದ ನಾನೂ ಅದನ್ನೇ ಕೇಳ್ಕೋತಿದ್ದೀನಿ," ಎಂದು ಫೋನನ್ನು ನನ್ನ ಮುಂದೆ ಸರಿಸಿದಳು.

ಇಪ್ಪತ್ತು ಅಶ್ವಶಕ್ತಿಯ ಮೋಟಾರನ್ನು ಒಬ್ಬನೇ ಸರಿಸಿದವನು ನಾನು. ಆ ಫೋನನ್ನು ಎತ್ತಲು ಎರಡೂ ಕೈ ಬೇಕಾದವು.

"ಹಲೋ," ಅಂದ ತಮ್ಮ.

"ನಾನು."

"ಗೊತ್ತಾಯ್ತು. ಎರಡು ವಾರ ಬರಲಿಲ್ಲ."

"ಲಿನಕ್ಸ್ ಹಾಕಿದೆ ಕಣೋ. ಆ ಆಟ ನನ್ನನ್ನ ಮೋಸಗಾರ ಅಂತು. ಏನೂ ಮಾಡಿರಲಿಲ್ಲ ನಾನು."

"ಹ್ಞೂಂ. ಉರಿಯುತ್ತಲ್ಲ?"

"ಉರಿಯುತ್ತೆ."

ಎಡಕ್ಕೆ, ಬಲಕ್ಕೆ ಅನ್ನಲು ಇಲ್ಲಿ ಗುಂಡಿ ಇರಲಿಲ್ಲ. ಬಾಯಿಂದಲೇ ಹೇಳಬೇಕಿತ್ತು.

"ಯಾವ ಸಲವೂ ಕಮ್ಮಿ ಇರಲಿಲ್ಲ ಕಣೋ," ಅಂದೆ. "ಸುತ್ತು."

ಅವನು ಮೂಗು ಎಳೆದುಕೊಂಡದ್ದು ಕೇಳಿಸಿತು. "ಎಲ್ಲಾ ಮೋಟಾರೂ ಬಿಚ್ಚಿ ಎಣಿಸಿ ಬಂದ್ಯಾ?"

"ಇಲ್ಲ. ಬಿಚ್ಚದೇ ಹೇಳ್ತಿದ್ದೀನಿ."

"ಹಾಗಾದ್ರೆ ಸರಿ," ಅಂದ. ಅವನ ದನಿ ಬದಲಾಗಿತ್ತು. "ಆ ಆಟ ಹೋದ್ರೆ ಹೋಗ್ಲಿ ಬಿಡು ಅಣ್ಣ. ನಿಜ ಹೇಳ್ಲಾ? ಆ ಟ್ಯಾಂಕಿನ ಸದ್ದಿಗೆ ನನಗೆ ಪ್ರತಿ ಭಾನುವಾರ ತಲೆನೋವು. ನಿನಗೆ ಅದಂದ್ರೆ ಪ್ರಾಣ ಅಂತ ತಡ್ಕೊಂಡಿದ್ದೆ."

"ನನಗಾ? ನನಗೆ ಅದರಲ್ಲಿ ಎಡ ಯಾವುದು ಬಲ ಯಾವುದು ಅಂತ ಇವತ್ತಿಗೂ ಗೊತ್ತಿಲ್ಲ. ನೀನು ಆಡ್ತೀಯಲ್ಲ ಅಂತ ಸೇರಿದ್ದು. ಜೊತೆಗಾರ ಇಲ್ಲದೆ ಒಬ್ಬನೇ ಆಡ್ತಿದ್ದೀಯ ಅಂತ ನನ್ನ ಮಗಳು ಹೇಳಿದ್ಲು."

"ಒಬ್ಬನೇ ಆಡ್ತಿದ್ದವನು ನೀನು ಅಂತ ನನಗೆ ಹೇಳಿದ್ದೂ ಅವಳೇ," ಅಂದ ತಮ್ಮ. "ಆಟ ಹಾಕಿಕೊಟ್ಟಿದ್ದೂ ಅವಳೇ."

ಮೂರು ವರ್ಷ, ಪ್ರತಿ ಭಾನುವಾರ, ಇಬ್ಬರಿಗೂ ಬೇಡವಾದ ಯುದ್ಧವನ್ನು ನಾವು ಒಬ್ಬರಿಗೋಸ್ಕರ ಒಬ್ಬರು ಮಾಡಿದ್ದೆವು. ಭಾನುವಾರ ಮನೆಗೇ ಬರುತ್ತೇನೆ, ಇಬ್ಬರೂ ಕೂತು ಆಡುವಂಥ ಏನಾದರೂ ಇದ್ದರೆ ಹಾಕಿಸಿಡು ಎಂದು ಹೇಳಿ ಅವನು ಫೋನಿಟ್ಟ.

ತಿರುಗಿ ನೋಡಿದೆ. ಮಗಳು ಆಗಲೇ ಕಂಪ್ಯೂಟರಿನ ಮುಂದೆ ಕೂತು ಆಟಗಳ ಪಟ್ಟಿ ಸರಿಸುತ್ತಿದ್ದಳು. ರೇಗಬೇಕೆಂದು ಹೋದವನು ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತೆ.

"ಏನೇ ಹುಡುಕ್ತಿದ್ದೀಯ?"

"ಲಿನಕ್ಸ್‌ನಲ್ಲಿ ಓಡೋದು. ಇಬ್ಬರು ಆಡೋದು."

"ನಮ್ಮಿಬ್ಬರಿಗೂ ಇಷ್ಟ ಆಗೋ ಅಂಥದ್ದು ನೋಡು."

"ಅದು ಬೇಡ ಅಪ್ಪ," ಅಂದಳು, ಪರದೆಯಿಂದ ಕಣ್ಣು ತೆಗೆಯದೆ. "ಇಷ್ಟ ಆದ್ರೆ ಆಟದಲ್ಲೇ ಮುಳುಗಿಬಿಡ್ತೀರಿ. ಹತ್ತು ನಿಮಿಷಕ್ಕೆ ಇಬ್ಬರಿಗೂ ಬೇಜಾರಾಗಿ, ಬೇರೆ ದಾರಿ ಇಲ್ಲದೆ ಮಾತಾಡ್ಕೋಬೇಕು. ಅಂಥದ್ದು ಹುಡುಕ್ತಿದ್ದೀನಿ."